ಕಡಿಮೆ ವೆಚ್ಚದಲ್ಲಿ ಮೊದಲ ಗಣಕಯಂತ್ರ: ಪರಸ್ಪರ ಹೊಂದಿಕೊಳ್ಳುವ ಬಿಡಿಭಾಗಗಳ ಆಯ್ಕೆ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ತಾಂಡ್ಯ ಕೈಗಾರಿಕಾ ಪ್ರದೇಶ ಹಾಗೂ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ಬೆರಳಚ್ಚು, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಭರ್ತಿ ಮಾಡಿಕೊಡುವ ಸಣ್ಣ ಅಂಗಡಿಯನ್ನು ತೆರೆಯಲು ಇಚ್ಛಿಸುವವರಿಗೂ, ಮನೆಯ ವಿದ್ಯಾರ್ಥಿಗಳಿಗಾಗಿ ಮೊದಲ ಬಾರಿಗೆ ಗಣಕಯಂತ್ರವನ್ನು ಕೊಳ್ಳುವವರಿಗೂ ಉಪಯುಕ್ತವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸೇವಾಸಿಂಧು ಅರ್ಜಿಗಳು, ಕಾರ್ಖಾನೆ ಕಾರ್ಮಿಕರ ಭವಿಷ್ಯನಿಧಿ ಹಿಂಪಡೆಯುವಿಕೆ ಮುಂತಾದ ಕೆಲಸಗಳಿಗೆ ಅತಿ ಶಕ್ತಿಶಾಲಿಯಾದ ಯಂತ್ರದ ಅವಶ್ಯಕತೆಯಿಲ್ಲ. ಆದರೆ ಯಂತ್ರವು ದಿನವಿಡೀ ತಡೆಯಿಲ್ಲದೆ ನಡೆಯಬೇಕು, ಕನಿಷ್ಠ ಐದಾರು ವರ್ಷ ಬಾಳಿಕೆ ಬರಬೇಕು.

ಪ್ರಧಾನಮಂತ್ರಿ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ ರೂ. 50,000ದವರೆಗೆ ಸಾಲ ದೊರೆಯುತ್ತದೆ. ಅರ್ಜಿಯೊಂದಿಗೆ ಕೊಳ್ಳಲಿರುವ ಯಂತ್ರೋಪಕರಣಗಳ ದರಪಟ್ಟಿಯನ್ನು ಲಗತ್ತಿಸಬೇಕಾಗುತ್ತದೆ. ಈ ದರಪಟ್ಟಿಯಲ್ಲಿ ಒಂದು ಬಿಡಿಭಾಗವು ಮತ್ತೊಂದಕ್ಕೆ ಹೊಂದದಿದ್ದರೆ ಅದನ್ನು ಬ್ಯಾಂಕಿನವರು ಗುರುತಿಸುವುದಿಲ್ಲ. ಮೊತ್ತ ಮತ್ತು ಮುದ್ರೆ ಸರಿಯಿದ್ದರೆ ಅವರಿಗೆ ಸಾಕು. ತಪ್ಪು ಗೊತ್ತಾಗುವುದು ಯಂತ್ರವನ್ನು ಜೋಡಿಸುವ ದಿನ. ಅಷ್ಟರಲ್ಲಿ ಸಾಲದ ಹಣ ಖರ್ಚಾಗಿರುತ್ತದೆ, ಕಂತು ಆರಂಭವಾಗಿರುತ್ತದೆ. ಹೊಂದದ ಭಾಗವನ್ನು ದೋಷಯುಕ್ತ ವಸ್ತುವೆಂದು ಹೇಳಲು ಬರುವುದಿಲ್ಲವಾದ್ದರಿಂದ ಮಾರಾಟಗಾರರು ಅದನ್ನು ಹಿಂಪಡೆಯಲು ಒಪ್ಪದಿರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಭಾಗವೊಂದನ್ನು ಬದಲಾಯಿಸಿಕೊಳ್ಳಲು ನಂಜನಗೂಡಿನಿಂದ ಹೋಗಿ ಬರುವುದೆಂದರೆ ಒಂದು ದಿನದ ದುಡಿಮೆಯೂ ಬಸ್ಸಿನ ಖರ್ಚೂ ಹೋದಂತೆಯೇ.

ಪದಬಳಕೆ ಕುರಿತು

ರೂಢಿಯಲ್ಲಿ ಇಡೀ ಪೆಟ್ಟಿಗೆಯನ್ನೇ 'ಸಿಪಿಯು' ಎಂದು ಕರೆಯಲಾಗುತ್ತದೆ. ಅಂಗಡಿಯಲ್ಲಿ ದರ ವಿಚಾರಿಸುವಾಗ ಇದರಿಂದ ಗೊಂದಲವುಂಟಾಗುತ್ತದೆ. ಈ ಪುಟದಲ್ಲಿ ಪೆಟ್ಟಿಗೆಗೆ ಕ್ಯಾಬಿನೆಟ್ ಎಂದೂ, ಲೆಕ್ಕಾಚಾರ ನಡೆಸುವ ಬಿಲ್ಲೆಗೆ ಪ್ರೊಸೆಸರ್ ಎಂದೂ, ಎಲ್ಲ ಭಾಗಗಳನ್ನು ಸೇರಿಸುವ ಹಲಗೆಗೆ ಮದರ್‌ಬೋರ್ಡ್ ಎಂದೂ, ವಿದ್ಯುತ್ ಒದಗಿಸುವ ಡಬ್ಬಿಗೆ ಎಸ್‌ಎಂಪಿಎಸ್ ಎಂದೂ ಹೇಳಲಾಗಿದೆ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಉಳಿದೆಲ್ಲ ಆಯ್ಕೆಗಳೂ ಈ ಎರಡನ್ನೇ ಅವಲಂಬಿಸಿರುವುದರಿಂದ ಇವನ್ನು ಒಟ್ಟಿಗೇ ನಿರ್ಧರಿಸತಕ್ಕದ್ದು. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎಂದು ಹೆಸರು. ಇಂಟೆಲ್ ಸಂಸ್ಥೆಯ 10 ಮತ್ತು 11ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1200 ಸಾಕೆಟ್, 12, 13 ಮತ್ತು 14ನೇ ತಲೆಮಾರಿನವುಗಳಿಗೆ ಎಲ್‌ಜಿಎ 1700 ಸಾಕೆಟ್ ಬೇಕು. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1851 ಸಾಕೆಟ್ ಇದೆ. ಎಎಂಡಿ ಸಂಸ್ಥೆಯಲ್ಲಿ ರೈಜನ್ 5000 ಸರಣಿಯವರೆಗಿನ ಸಾಮಾನ್ಯ ಪ್ರೊಸೆಸರ್‌ಗಳು ಎಎಂ4 ಸಾಕೆಟ್ಟಿಗೆ ಸೇರಿದವು. 2022ರಿಂದ ಬಂದ ರೈಜನ್ 7000 ಮತ್ತು ಅನಂತರದ ಸರಣಿಗಳು ಎಎಂ5 ಸಾಕೆಟ್ಟಿಗೆ ಸೇರಿವೆ. ಒಂದು ಸಾಕೆಟ್ಟಿನ ಪ್ರೊಸೆಸರ್ ಮತ್ತೊಂದರಲ್ಲಿ ಕೂರುವುದಿಲ್ಲ. ಬಲವಂತವಾಗಿ ಕೂರಿಸಲು ಹೋದಲ್ಲಿ ಸೂಕ್ಷ್ಮ ಪಿನ್ನುಗಳು ಬಾಗುತ್ತವೆ, ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಆದುದರಿಂದ ಹಣ ಪಾವತಿಸುವ ಮುನ್ನವೇ ಅಂಗಡಿಯಲ್ಲಿ ಸಾಕೆಟ್ಟಿನ ಮುಚ್ಚಳ ತೆಗೆಸಿ ಪಿನ್ನುಗಳನ್ನು ಕಣ್ಣಾರೆ ನೋಡುವುದು ಒಳಿತು.

ಸಾಕೆಟ್ ಒಂದೇ ಆಗಿದ್ದರೂ ಸಾಲದ ಸಂದರ್ಭಗಳಿವೆ. ಹಳೆಯ ಭಾಗಗಳ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಮೋಸ ಹೋಗುವುದು ಇಲ್ಲಿಯೇ. ಇಂಟೆಲ್‌ನ 6 ಮತ್ತು 7ನೇ ತಲೆಮಾರಿಗೂ, 8 ಮತ್ತು 9ನೇ ತಲೆಮಾರಿಗೂ ಸಾಕೆಟ್ ಹೆಸರು ಎಲ್‌ಜಿಎ 1151 ಎಂದೇ ಇದೆ. ಆದರೆ 2017ರಲ್ಲಿ 8ನೇ ತಲೆಮಾರಿನೊಂದಿಗೆ ಬಂದ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡುಗಳಲ್ಲಿ ಮಾತ್ರ 8 ಮತ್ತು 9ನೇ ತಲೆಮಾರಿನ ಪ್ರೊಸೆಸರ್ ನಡೆಯುತ್ತದೆ. 100 ಅಥವಾ 200 ಸರಣಿಯ ಬೋರ್ಡಿನಲ್ಲಿ ಅದು ಸರಿಯಾಗಿಯೇ ಕೂರುತ್ತದೆ, ಆದರೆ ಯಂತ್ರ ಚಾಲನೆಗೊಳ್ಳುವುದಿಲ್ಲ.

ಹೊಸ ಬೋರ್ಡುಗಳಲ್ಲಿಯೂ ಇದೇ ಬಗೆಯ ಒಂದು ತೊಡಕಿದೆ. ಕಡಿಮೆ ಬೆಲೆಯ ಎಚ್610 ಚಿಪ್‌ಸೆಟ್‌ನ ಬೋರ್ಡು 12ನೇ ತಲೆಮಾರಿನ ಕಾಲದಲ್ಲಿ ತಯಾರಾಗಿದ್ದರೆ, ಅದರಲ್ಲಿನ ಬಯಾಸ್ ತಂತ್ರಾಂಶವನ್ನು ನವೀಕರಿಸದ ಹೊರತು 13 ಅಥವಾ 14ನೇ ತಲೆಮಾರಿನ ಪ್ರೊಸೆಸರ್ ನಡೆಯದು. ಎಎಂ4 ಬೋರ್ಡಿನಲ್ಲಿ ರೈಜನ್ 5000 ಸರಣಿಯನ್ನು ಬಳಸುವಾಗಲೂ ಇದೇ ಸ್ಥಿತಿ. ಬಹುತೇಕ ಅಗ್ಗದ ಬೋರ್ಡುಗಳಲ್ಲಿ ನವೀಕರಣಕ್ಕೆ ಹಳೆಯ ಪ್ರೊಸೆಸರ್ ಒಂದನ್ನು ತಾತ್ಕಾಲಿಕವಾಗಿ ಕೂರಿಸಬೇಕಾಗುವುದರಿಂದ ಮನೆಯಲ್ಲಿ ಈ ಕೆಲಸ ಸಾಧ್ಯವಿಲ್ಲ. ಬಯಾಸ್ ನವೀಕರಿಸಿ ಕೊಡತಕ್ಕದ್ದೆಂದು ದರಪಟ್ಟಿಯಲ್ಲಿಯೇ ಬರೆಸಿಕೊಳ್ಳಬೇಕು. ಮದರ್‌ಬೋರ್ಡ್ ತಯಾರಕರ ಜಾಲತಾಣದಲ್ಲಿ ಪ್ರತಿ ಮಾದರಿಗೂ 'ಸಿಪಿಯು ಸಪೋರ್ಟ್' ಎಂಬ ಪಟ್ಟಿಯಿದ್ದು, ಯಾವ ಪ್ರೊಸೆಸರ್ ಯಾವ ಬಯಾಸ್ ಆವೃತ್ತಿಯಿಂದ ನಡೆಯುತ್ತದೆಂಬುದನ್ನು ಅದರಲ್ಲಿ ನಮೂದಿಸಿರುತ್ತಾರೆ. ಮಾರಾಟಗಾರರ ಬಾಯಿಮಾತಿಗಿಂತ ಈ ಪಟ್ಟಿಯನ್ನೇ ಆಧಾರವಾಗಿಟ್ಟುಕೊಳ್ಳುವುದು ಸೂಕ್ತ.

ಹೆಸರಿನ ಕೊನೆಯ ಅಕ್ಷರ

ದರಪಟ್ಟಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸವು ಸಾವಿರಾರು ರೂಪಾಯಿಯ ವ್ಯತ್ಯಾಸವಾಗಬಲ್ಲದು. ಇಂಟೆಲ್ ಐ3-12100 ಎಂಬ ಪ್ರೊಸೆಸರ್‌ನಲ್ಲಿ ಪರದೆಗೆ ಚಿತ್ರ ಕಳುಹಿಸುವ ಗ್ರಾಫಿಕ್ಸ್ ಭಾಗವು ಒಳಗೇ ಇದೆ. ಐ3-12100ಎಫ್ ಎಂಬುದರಲ್ಲಿ ಅದು ಇರುವುದಿಲ್ಲ. ಬೆಲೆ ಕಡಿಮೆಯೆಂದು 'ಎಫ್' ಅಕ್ಷರದ ಪ್ರೊಸೆಸರ್ ಕೊಂಡವರು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳದಿದ್ದರೆ ಯಂತ್ರವು ಚಾಲನೆಗೊಂಡರೂ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಬೋರ್ಡಿನ ಹಿಂಬದಿಯ ಎಚ್‌ಡಿಎಂಐ ಕಿಂಡಿಯೂ ಉಪಯೋಗಕ್ಕೆ ಬಾರದು. ಉಳಿತಾಯವಾದ ಹಣಕ್ಕಿಂತ ಕಾರ್ಡಿನ ಬೆಲೆಯೇ ಹೆಚ್ಚು.

ಎಎಂಡಿ ಎಎಂ4 ಸರಣಿಯಲ್ಲಿ ಕ್ರಮವು ಇದಕ್ಕೆ ವಿರುದ್ಧವಾಗಿದೆ. ಅಲ್ಲಿ 'ಜಿ' ಅಕ್ಷರ ಇದ್ದರೆ ಮಾತ್ರ ಗ್ರಾಫಿಕ್ಸ್ ಇರುತ್ತದೆ; ರೈಜನ್ 5 5600ಜಿಯಲ್ಲಿ ಇದೆ, ರೈಜನ್ 5 5600ರಲ್ಲಿ ಇಲ್ಲ. ಎಎಂ5 ಸಾಕೆಟ್ಟಿನ ಬಹುತೇಕ ಪ್ರೊಸೆಸರ್‌ಗಳಲ್ಲಿ ಸಾಧಾರಣ ಗ್ರಾಫಿಕ್ಸ್ ಇದ್ದು, 7500ಎಫ್, 8400ಎಫ್‌ನಂತಹವುಗಳಲ್ಲಿ ಇರುವುದಿಲ್ಲ. ಅರ್ಜಿ ಭರ್ತಿ, ಡಿಟಿಪಿ ಹಾಗೂ ವಿದ್ಯಾಭ್ಯಾಸದ ಕೆಲಸಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅನವಶ್ಯಕ. ಆ ಹಣವನ್ನು ಉತ್ತಮ ಎಸ್‌ಎಂಪಿಎಸ್ ಮತ್ತು ಯುಪಿಎಸ್‌ಗೆ ವಿನಿಯೋಗಿಸುವುದು ಲೇಸು.

ರ್ಯಾಮ್

ಡಿಡಿಆರ್4 ಮತ್ತು ಡಿಡಿಆರ್5 ರ್ಯಾಮ್ ಪಟ್ಟಿಗಳೆರಡರಲ್ಲಿಯೂ 288 ಸಂಪರ್ಕ ಬಿಂದುಗಳಿದ್ದು ಉದ್ದವೂ ಒಂದೇ ಆಗಿದೆ. ಆದರೆ ನಡುವಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿದೆ. ಒಂದರ ಜಾಗದಲ್ಲಿ ಮತ್ತೊಂದು ಕೂರುವುದಿಲ್ಲ. ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5 ಬೋರ್ಡಿಗೆ ಡಿಡಿಆರ್5 ಎಂಬುದು ನಿಶ್ಚಿತ. ಎಲ್‌ಜಿಎ 1700ರಲ್ಲಿ ಮಾತ್ರ ಎರಡು ಬಗೆಯ ಬೋರ್ಡುಗಳೂ ಇವೆ. ಎಚ್610 ಎಂಬ ಹೆಸರಿನಲ್ಲಿಯೇ ಡಿಡಿಆರ್4ರ ಬೋರ್ಡೂ, ಡಿಡಿಆರ್5ರ ಬೋರ್ಡೂ ದೊರೆಯುವುದರಿಂದ ಬೋರ್ಡಿನ ಪೂರ್ಣ ಮಾದರಿ ಹೆಸರನ್ನು ದರಪಟ್ಟಿಯಲ್ಲಿ ಬರೆಸದೆ ರ್ಯಾಮ್ ಕೊಳ್ಳಬಾರದು. ಲ್ಯಾಪ್‌ಟಾಪ್‌ನ ರ್ಯಾಮ್ ಗಿಡ್ಡದಾಗಿದ್ದು ಡೆಸ್ಕ್‌ಟಾಪ್ ಬೋರ್ಡಿಗೆ ಹೊಂದುವುದಿಲ್ಲ.

8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿದಲ್ಲಿ 16 ಜಿಬಿಯ ಒಂದೇ ಪಟ್ಟಿಗಿಂತ ವೇಗ ಉತ್ತಮವಾಗಿರುತ್ತದೆ. ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಆದರೆ ಎಚ್610 ಬೋರ್ಡಿನಲ್ಲಿ ಎರಡಕ್ಕಿಂತ ಹೆಚ್ಚು ಜಾಗಗಳಿರುವುದಿಲ್ಲ. ಈಗ 8 ಜಿಬಿ ಸಾಕೆನ್ನುವವರು 8 ಜಿಬಿಯ ಒಂದೇ ಪಟ್ಟಿ ಕೊಂಡು ಮತ್ತೊಂದು ಜಾಗವನ್ನು ಖಾಲಿ ಉಳಿಸಿಕೊಳ್ಳಬೇಕು. 4 ಜಿಬಿಯ ಎರಡು ಪಟ್ಟಿ ಹಾಕಿಸಿಕೊಂಡರೆ ಮುಂದೆ ಎರಡನ್ನೂ ತೆಗೆದುಹಾಕಬೇಕಾದೀತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಜಗತ್ತಿನಾದ್ಯಂತ ರ್ಯಾಮ್ ಬೆಲೆ ತೀವ್ರವಾಗಿ ಏರಿತು. ಆದಕಾರಣ ಹಿಂದಿನ ವರ್ಷದ ದರಪಟ್ಟಿಯನ್ನು ನಂಬಿ ಸಾಲದ ಮೊತ್ತವನ್ನು ಲೆಕ್ಕ ಹಾಕಬಾರದು. ಇದೇ ಕಾರಣಕ್ಕಾಗಿ ಈ ಪುಟದಲ್ಲಿ ಯಾವುದೇ ಭಾಗದ ಬೆಲೆಯನ್ನು ನಮೂದಿಸಿಲ್ಲ.

ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್

ಎಂ.2 ಎಂಬ ತೆಳುವಾದ ಎಸ್‌ಎಸ್‌ಡಿಗಳಲ್ಲಿ ಎನ್‌ವಿಎಂಇ ಮತ್ತು ಸಾಟಾ ಎಂಬ ಎರಡು ಬಗೆಗಳಿವೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಅಗಲ 22 ಮಿ.ಮೀ., ಉದ್ದ ಸಾಮಾನ್ಯವಾಗಿ 80 ಮಿ.ಮೀ. ಎನ್‌ವಿಎಂಇಗೆ ಮಾತ್ರ ಮೀಸಲಾದ ಕಿಂಡಿಯಲ್ಲಿ ಸಾಟಾ ಬಗೆಯದನ್ನು ಹಾಕಿದರೆ ಯಂತ್ರವು ಅದನ್ನು ಗುರುತಿಸುವುದಿಲ್ಲ. ಬೋರ್ಡಿನ ಕೈಪಿಡಿಯಲ್ಲಿ ಕಿಂಡಿಯ ಬಗೆಯನ್ನು ನೋಡಿಕೊಳ್ಳತಕ್ಕದ್ದು. ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಸಾಟಾ ತಂತಿಯ ಮೂಲಕ ಕಡತಗಳ ಸಂಗ್ರಹಕ್ಕೆ ಬಳಸಬಹುದು. ಆದರೆ ಗ್ರಾಹಕರ ಆಧಾರ್ ಪ್ರತಿ ಮುಂತಾದ ದಾಖಲೆಗಳನ್ನು ಕೆಲಸ ಮುಗಿದ ಮೇಲೂ ಅದರಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ.

ಎಸ್‌ಎಂಪಿಎಸ್, ಯುಪಿಎಸ್ ಮತ್ತು ಭೂಸಂಪರ್ಕ

ದರಪಟ್ಟಿಯಲ್ಲಿ ಎಲ್ಲರೂ ಮೊದಲು ಕಡಿತ ಮಾಡುವುದು ಈ ಬಾಬ್ತಿನಲ್ಲಿ. ಯಂತ್ರ ಕೆಟ್ಟಾಗ ಮಿಕ್ಕ ಭಾಗಗಳನ್ನು ತನ್ನೊಡನೆ ಕೆಡಿಸುವುದೂ ಇದೇ ಬಾಬ್ತು. ಕ್ಯಾಬಿನೆಟ್ಟಿನೊಂದಿಗೆ ಉಚಿತವೆಂಬಂತೆ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ನೋಡಿ ತೃಪ್ತರಾಗಬಾರದು. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಎಂಬ ಅಂಕಣದ ಕೆಳಗೆ ಎಷ್ಟು ಆಂಪಿಯರ್ ಇದೆಯೆಂಬುದನ್ನು ನೋಡಬೇಕು. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿದಾಗ ಬರುವುದು 192 ವ್ಯಾಟ್ ಮಾತ್ರ. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ದೊರೆಯುವುದು ಈ ಮೊತ್ತವೇ ಹೊರತು ಹೊರಗೆ ಬರೆದಿರುವ 450 ಅಲ್ಲ. '80 ಪ್ಲಸ್' ಪ್ರಮಾಣೀಕರಣ ಹೊಂದಿರುವ, ಹೆಸರಾಂತ ತಯಾರಕರ 450 ವ್ಯಾಟ್ ಎಸ್‌ಎಂಪಿಎಸ್ ಒಂದನ್ನು ಪ್ರತ್ಯೇಕವಾಗಿ ಕೊಂಡಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಧಾರಾಳವಾಗಿ ಸಾಕು.

ತಂತಿಗಳ ವಿಷಯದಲ್ಲಿ 24 ಪಿನ್ನಿನ ಮುಖ್ಯ ತಂತಿಯೂ, ಪ್ರೊಸೆಸರ್‌ಗಾಗಿ 4+4 ಪಿನ್ನಿನ ತಂತಿಯೂ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡಿನ 6+2 ಪಿನ್ನಿನ ತಂತಿಯಲ್ಲಿಯೂ ಎಂಟು ಪಿನ್ನುಗಳಿವೆ. ಆದರೆ ವಿದ್ಯುತ್ ಸಂಪರ್ಕದ ಕ್ರಮವು ತದ್ವಿರುದ್ಧವಾಗಿರುವುದರಿಂದ ಇವೆರಡನ್ನು ಅದಲು ಬದಲು ಮಾಡಲೇಬಾರದು.

ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯ ಈ ಭಾಗದಲ್ಲಿಯೂ ಮಳೆಗಾಳಿಯ ದಿನಗಳಲ್ಲಿ ವಿದ್ಯುತ್ ಕಡಿತವಾಗುವ ಸಾಧ್ಯತೆ ಇದ್ದೇ ಇದೆ. ಅರ್ಜಿದಾರರ ಶುಲ್ಕ ಪಾವತಿಯ ನಡುವೆ ಯಂತ್ರ ಸ್ಥಗಿತಗೊಂಡರೆ ಹಣ ಕಡಿತವಾಗಿ ಸ್ವೀಕೃತಿ ಬಾರದಿರುವ ಪ್ರಸಂಗ ಒದಗುತ್ತದೆ, ಮತ್ತು ಅಂತಹ ಪ್ರಸಂಗದಲ್ಲಿ ಜನರು ಪ್ರಶ್ನಿಸುವುದು ಅಂಗಡಿಯವರನ್ನೇ. ಆದ್ದರಿಂದ ಅಂಗಡಿಗೆ ಯುಪಿಎಸ್ ಇರುವುದು ಅತ್ಯವಶ್ಯಕ. ಯುಪಿಎಸ್ ಮೇಲೆ 600 ವಿಎ ಎಂದಿದ್ದರೆ ಅದು 600 ವ್ಯಾಟ್ ಅಲ್ಲ. ಸಾಮಾನ್ಯವಾಗಿ 360 ವ್ಯಾಟ್. ಐ3 ದರ್ಜೆಯ ಯಂತ್ರ ಮತ್ತು ಒಂದು ಮಾನಿಟರ್‌ಗೆ ಇದು ಸಾಕಾಗುತ್ತದೆ. ಲೇಸರ್ ಪ್ರಿಂಟರ್ ಮತ್ತು ಜೆರಾಕ್ಸ್ ಯಂತ್ರಗಳನ್ನು ಮಾತ್ರ ಯುಪಿಎಸ್‌ಗೆ ಸೇರಿಸಕೂಡದು. ಮುದ್ರಣದ ವೇಳೆ ಶಾಖಕ್ಕಾಗಿ ಅವು ಒಮ್ಮೆಗೇ ನೂರಾರು ವ್ಯಾಟ್ ಎಳೆಯುವುದರಿಂದ ಯುಪಿಎಸ್ ತಕ್ಷಣ ನಿಂತು ಗಣಕಯಂತ್ರವೂ ಆರಿಹೋಗುತ್ತದೆ.

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಭೂಸಂಪರ್ಕಕ್ಕಾಗಿ ಇರುವಂತಹುದು. ಹಳೆಯ ಕಟ್ಟಡಗಳಲ್ಲಿ ಸಾಕೆಟ್ ಮೂರು ರಂಧ್ರದ್ದಾಗಿದ್ದರೂ ಒಳಗೆ ಅರ್ಥಿಂಗ್ ತಂತಿಯೇ ಇಲ್ಲದಿರಬಹುದು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದಲ್ಲಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿಯೇ ಮುಂದುವರಿಯತಕ್ಕದ್ದು. ಅಂಗಡಿಗೆ ಬರುವವರ ಬೆರಳಚ್ಚು ಪಡೆಯುವ ಸಾಧನವೂ ಇದೇ ಯಂತ್ರಕ್ಕೆ ಸೇರಿರುತ್ತದೆಂಬುದನ್ನು ಮರೆಯಬಾರದು.

ಕ್ಯಾಬಿನೆಟ್, ಮಾನಿಟರ್, ಕೀಲಿಮಣೆ

ಎಟಿಎಕ್ಸ್ ಕ್ಯಾಬಿನೆಟ್ಟಿನಲ್ಲಿ ಅದಕ್ಕಿಂತ ಚಿಕ್ಕದಾದ ಮೈಕ್ರೋ ಎಟಿಎಕ್ಸ್ ಬೋರ್ಡನ್ನು ಕೂರಿಸಬಹುದು; ಚಿಕ್ಕ ಕ್ಯಾಬಿನೆಟ್ಟಿನಲ್ಲಿ ದೊಡ್ಡ ಬೋರ್ಡ್ ಕೂರದು. ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಧೂಳು ಹೆಚ್ಚಿರುವುದರಿಂದ ಮುಂಭಾಗದಲ್ಲಿ ಧೂಳು ತಡೆಯುವ ಜಾಲರಿಯಿರುವುದು ಮೇಲು, ಬಣ್ಣದ ದೀಪಗಳಿರುವುದು ಬೇಡ. ಹಳೆಯ ಮಾನಿಟರ್ ಬಳಸುವವರು ಅದರ ಕಿಂಡಿ ವಿಜಿಎಯೋ ಎಚ್‌ಡಿಎಂಐಯೋ ನೋಡಿಕೊಂಡು ಅದೇ ಕಿಂಡಿಯಿರುವ ಬೋರ್ಡನ್ನು ಆರಿಸಬೇಕು. ಕನ್ನಡಕ್ಕಾಗಿ ಪ್ರತ್ಯೇಕ ಕೀಲಿಮಣೆ ಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕೆಲಸ ಮಾಡುತ್ತದೆ. ಜಾಲತಾಣದ ಅರ್ಜಿಗಳಲ್ಲಿ ಯೂನಿಕೋಡ್ ವಿಧಾನದಲ್ಲಿ ಬೆರಳಚ್ಚು ಮಾಡದಿದ್ದರೆ ಅಕ್ಷರಗಳು ಸರಿಯಾಗಿ ಮೂಡುವುದಿಲ್ಲ.

ಬಳಸಿದ ಯಂತ್ರಗಳ ಬಗ್ಗೆ ಎಚ್ಚರಿಕೆ

'ಐ5, 8 ಜಿಬಿ, ಎಸ್‌ಎಸ್‌ಡಿ' ಎಂಬಿಷ್ಟೇ ವಿವರದೊಂದಿಗೆ ಬಹು ಕಡಿಮೆ ಬೆಲೆಗೆ ಮಾರುವ ಯಂತ್ರಗಳನ್ನು ಕುರಿತು ವಿಶೇಷ ಎಚ್ಚರಿಕೆ ಅಗತ್ಯ. ಐ5 ಎಂಬುದು ದರ್ಜೆಯ ಹೆಸರೇ ಹೊರತು ತಲೆಮಾರನ್ನು ಸೂಚಿಸುವುದಿಲ್ಲ. ಅಡ್ಡಗೆರೆಯ ನಂತರದ ಸಂಖ್ಯೆಯನ್ನು ನೋಡಬೇಕು. ಐ5-3470 ಎಂಬುದು 2012ರಲ್ಲಿ ಬಂದ 3ನೇ ತಲೆಮಾರಿನ ಪ್ರೊಸೆಸರ್. 2022ರ ಐ3-12100 ಅದಕ್ಕಿಂತ ಬಹಳ ವೇಗವಾಗಿದೆ. ಅಲ್ಲದೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದ್ದು, ವಿಂಡೋಸ್ 11ಕ್ಕೆ ಅಧಿಕೃತವಾಗಿ ಟಿಪಿಎಂ 2.0 ಮತ್ತು ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು. ಜನರ ಬ್ಯಾಂಕ್ ವಿವರಗಳನ್ನು ನಿರ್ವಹಿಸುವ ಅಂಗಡಿಯಲ್ಲಿ ಭದ್ರತಾ ನವೀಕರಣ ನಿಂತುಹೋದ ವ್ಯವಸ್ಥೆಯನ್ನು ಬಳಸುವುದು ಅಪಾಯಕರ. ಲಿನಕ್ಸ್ ಬಳಸಿ ವೆಚ್ಚ ಉಳಿಸಬಯಸುವವರು ತಮ್ಮ ಪ್ರಿಂಟರ್ ಮತ್ತು ಬೆರಳಚ್ಚು ಸಾಧನಕ್ಕೆ ಲಿನಕ್ಸ್ ಚಾಲಕ ತಂತ್ರಾಂಶ ಲಭ್ಯವಿದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಮನೆಯ ವಿದ್ಯಾರ್ಥಿಗೆ ಈ ತೊಡಕಿಲ್ಲ. ಅಂತಹ ಸಂದರ್ಭದಲ್ಲಿ ಹಳೆಯ ಯಂತ್ರವೂ ಲಿನಕ್ಸ್‌ನೊಂದಿಗೆ ಚೆನ್ನಾಗಿಯೇ ನಡೆಯುತ್ತದೆ.

ದರಪಟ್ಟಿಯ ಪರಿಶೀಲನೆ: ಒಂದು ನಿದರ್ಶನ

ದರಪಟ್ಟಿಯೊಂದರಲ್ಲಿ ಐ3-12100ಎಫ್ ಪ್ರೊಸೆಸರ್, 'ಎಚ್610 ಬೋರ್ಡ್', 'ರ್ಯಾಮ್ 8 ಜಿಬಿ', 'ಎಂ.2 ಎಸ್‌ಎಸ್‌ಡಿ 256 ಜಿಬಿ', 'ಕ್ಯಾಬಿನೆಟ್ ಎಸ್‌ಎಂಪಿಎಸ್ ಸಹಿತ' ಎಂದು ಬರೆದಿದೆಯೆಂದು ಭಾವಿಸೋಣ. ಮೊದಲ ಸಾಲಿನಲ್ಲಿ ಗ್ರಾಫಿಕ್ಸ್ ಇಲ್ಲ, ಪಟ್ಟಿಯಲ್ಲಿ ಬೇರೆ ಕಾರ್ಡೂ ಇಲ್ಲ. 'ಎಫ್' ತೆಗೆದು ಐ3-12100 ಎಂದು ಬದಲಿಸಬೇಕು. ಎರಡನೆಯ ಸಾಲಿನಲ್ಲಿ ತಯಾರಕರ ಹೆಸರೂ ಪೂರ್ಣ ಮಾದರಿಯೂ ಇಲ್ಲದ ಕಾರಣ ಮೂರನೆಯ ಸಾಲಿನ ರ್ಯಾಮ್ ಡಿಡಿಆರ್4 ಆಗಬೇಕೋ ಡಿಡಿಆರ್5 ಆಗಬೇಕೋ ಎಂದು ಹೇಳಲು ಬರುವುದಿಲ್ಲ. ನಾಲ್ಕನೆಯದರಲ್ಲಿ ಎನ್‌ವಿಎಂಇ ಎಂಬ ಪದ ಬಿಟ್ಟುಹೋಗಿದೆ. ಐದನೆಯದನ್ನು ಎರಡು ಸಾಲುಗಳಾಗಿ ವಿಂಗಡಿಸಿ ಎಸ್‌ಎಂಪಿಎಸ್ ಮಾದರಿಯನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಇಷ್ಟು ತಿದ್ದುಪಡಿಗೆ ಮಾರಾಟಗಾರರು ಒಪ್ಪದಿದ್ದಲ್ಲಿ ಬೇರೆ ಅಂಗಡಿಯ ದರಪಟ್ಟಿ ಪಡೆಯುವುದೇ ಸರಿ. ನಂಜನಗೂಡಿನಿಂದ ಮೈಸೂರು ಸುಮಾರು 25 ಕಿ.ಮೀ. ದೂರದಲ್ಲಿದ್ದು, ಎರಡು ಮೂರು ಕಡೆ ವಿಚಾರಿಸಿ ಬರುವುದು ಕಷ್ಟವಲ್ಲ.

ಬಿಲ್ಲು ಮತ್ತು ವಾರಂಟಿ

ಜೋಡಿಸಿದ ಯಂತ್ರದಲ್ಲಿ ಪ್ರತಿ ಭಾಗಕ್ಕೂ ಪ್ರತ್ಯೇಕ ವಾರಂಟಿ ಇರುತ್ತದೆ. 'ಕಂಪ್ಯೂಟರ್ ಸೆಟ್ 1' ಎಂದಷ್ಟೇ ಬರೆದ ಬಿಲ್ಲಿನಿಂದ ಯಾವ ತಯಾರಕರ ಬಳಿಯೂ ವಾರಂಟಿ ಕೋರಲು ಕಷ್ಟವಾಗುತ್ತದೆ. ಆದುದರಿಂದ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಮಾದರಿ ಹಾಗೂ ಕ್ರಮಸಂಖ್ಯೆಯನ್ನು ಬರೆಸಿಕೊಳ್ಳತಕ್ಕದ್ದು. ಬಿಲ್ಲಿಲ್ಲದೆ ಕೊಟ್ಟರೆ ಶೇಕಡಾ 18ರ ತೆರಿಗೆ ಉಳಿಯುತ್ತದೆಂಬ ಮಾತಿಗೆ ಒಪ್ಪಿದವರು ಮೂರು ವರ್ಷದ ವಾರಂಟಿಯನ್ನೇ ಬಿಟ್ಟುಕೊಟ್ಟಂತೆ. ಪೆಟ್ಟಿಗೆಯಿಲ್ಲದ 'ಟ್ರೇ' ಪ್ರೊಸೆಸರ್‌ಗೆ ತಯಾರಕರ ನೇರ ವಾರಂಟಿ ದೊರೆಯುವುದಿಲ್ಲ. ಮಾರಾಟಗಾರರೇ ಹೊಣೆ ಹೊರುವರೇ ಎಂದು ಬರವಣಿಗೆಯಲ್ಲಿ ಪಡೆಯಬೇಕು. ಯುಪಿಎಸ್ ಮತ್ತು ಮಾನಿಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಇದನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಎಲ್ಲ ಭಾಗಗಳನ್ನು ಒಂದೇ ಅವಧಿಯಲ್ಲಿ ಕೊಂಡು, ವಾಪಸಾತಿಯ ಗಡುವು ಮುಗಿಯುವ ಮೊದಲೇ ಜೋಡಿಸಿ ಪರೀಕ್ಷಿಸುವುದು ಉತ್ತಮ. ತಿಂಗಳಿಗೊಂದು ಭಾಗದಂತೆ ಕೂಡಿಹಾಕಿದವರಿಗೆ ಮೊದಲು ಕೊಂಡ ಬೋರ್ಡು ದೋಷಯುಕ್ತವೆಂದು ತಿಳಿಯುವ ವೇಳೆಗೆ ಗಡುವು ಮೀರಿರುತ್ತದೆ.

ದೂರು ಸಲ್ಲಿಸುವ ವಿಧಾನ

ದೋಷಯುಕ್ತ ವಸ್ತು, ಬಿಲ್ಲಿನಲ್ಲಿ ಬರೆದುದಕ್ಕಿಂತ ಬೇರೆಯಾದ ವಸ್ತು ಅಥವಾ ವಾರಂಟಿ ನಿರಾಕರಣೆಯ ಪ್ರಕರಣಗಳಲ್ಲಿ ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ, ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಅಂದರೆ ಬೆಂಗಳೂರಿನಲ್ಲಾಗಲಿ ಆನ್‌ಲೈನ್ ಮೂಲಕವಾಗಲಿ ಕೊಂಡ ವಸ್ತುವಿಗೂ ನಂಜನಗೂಡು ಅಥವಾ ತಿ. ನರಸೀಪುರದ ನಿವಾಸಿಗಳು ಮೈಸೂರಿನಲ್ಲಿ ದೂರು ನೀಡಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸತಕ್ಕದ್ದು. 2025ರ ಜನವರಿ 1ರಿಂದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದಾಗಿದೆ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ತಾವೇ ಬಳಸುವ ಯಂತ್ರ ಕೊಂಡವರೂ ಈ ಅಧಿನಿಯಮದಡಿ ಗ್ರಾಹಕರೇ ಆಗಿರುತ್ತಾರೆ. ಅಂಗಡಿಗೆಂದು ಕೊಂಡ ಮಾತ್ರಕ್ಕೆ ಹಕ್ಕು ಇಲ್ಲವೆಂಬ ಮಾರಾಟಗಾರರ ವಾದವನ್ನು ಒಪ್ಪಬೇಕಾಗಿಲ್ಲ. ದೂರಿನೊಂದಿಗೆ ಬಿಲ್ಲು, ದರಪಟ್ಟಿ, ಪಾವತಿಯ ವಿವರ ಹಾಗೂ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸತಕ್ಕದ್ದು.